ಎದುರಾಳಿ ನುಡಿದ ಸಾಕ್ಷ್ಯ

ಬೀದರ್ ನಗರದಲ್ಲಾಗಲಿ, ಭಾಲ್ಕಿ ಮತ್ತು ಔರಾದ್ ಕಡೆಯ ಹಳ್ಳಿಗಳಲ್ಲಾಗಲಿ ವಾಸಿಸುವವರಿಗೆ ತಲೆಯ ಮೇಲೆ ಹಾದುಹೋಗುವ ವಿಮಾನದ ಸದ್ದು ಹೊಸದೇನಲ್ಲ. ಬೀದರಿನ ವಾಯುನೆಲೆ ಮುಖ್ಯವಾಗಿ ತರಬೇತಿಯ ನೆಲೆ. 2008ರ ಫೆಬ್ರವರಿಯಲ್ಲಿ ಹಾಕ್ ವಿಮಾನಗಳು ಇಲ್ಲಿಗೆ ಬಂದವು. ಯುದ್ಧವಿಮಾನದ ಪೈಲಟ್‌ಗಳಾಗಬೇಕಾದ ತರುಣರು ಇವುಗಳಲ್ಲಿ ಕುಳಿತು ಪಾಠ ಕಲಿಯುತ್ತಾರೆ. 1996ರಲ್ಲಿ ಸೂರ್ಯಕಿರಣ ತಂಡ ರೂಪುಗೊಂಡದ್ದೂ ಇಲ್ಲಿಯೇ. ಆ ತಂಡದ ಚಮತ್ಕಾರವನ್ನು ಕಂಡು ನಮ್ಮ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ತಟ್ಟಲಿ. ಆದರೆ ಆ ತರುಣರ ಹಿಂದಿನ ಆಸನದಲ್ಲಿ ಕುಳಿತು ಕಲಿಸುವ ಶಿಕ್ಷಕರನ್ನು ನಾವು ನೆನೆಯುವುದು ಅಪರೂಪ. ನಾಡಿನ ಇನ್ನೊಂದು ತುದಿಯಾದ ಕೊಡಗಿನಲ್ಲಿ ಹುಟ್ಟಿದ ಅಂಥ ಒಬ್ಬ ಶಿಕ್ಷಕರ ಚರಿತ್ರೆಯನ್ನು ಇಲ್ಲಿ ನಿಮ್ಮ ಮುಂದಿಡಬಯಸುತ್ತೇನೆ.

ಅಜ್ಜಮಾಡ ಬೊಪ್ಪಯ್ಯ ದೇವಯ್ಯನವರು ಜನಿಸಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ಭಾರತೀಯ ವಾಯುಪಡೆಯನ್ನು ಸೇರಿದರು. 1965ರ ಯುದ್ಧ ಆರಂಭವಾದಾಗ ಅವರು ಹಾರಾಟ ಕಲಿಸುವ ಶಿಕ್ಷಕರಾಗಿದ್ದರು. ಯುದ್ಧದ ಕಾರಣದಿಂದ ಅವರನ್ನು ಪಂಜಾಬಿನ ಆದಂಪುರ ನೆಲೆಯಲ್ಲಿದ್ದ ಒಂದನೆಯ ಸ್ಕ್ವಾಡ್ರನ್ನಿಗೆ ಕಳುಹಿಸಲಾಯಿತು. ಆಗ ಅವರಿಗೆ 32 ವರ್ಷ. ಮನೆಯಲ್ಲಿ ಪತ್ನಿ, ಪುಟ್ಟ ಹೆಣ್ಣುಮಕ್ಕಳು.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ನೆಲೆಗಳ ಮೇಲೆ ದಾಳಿ ನಡೆಸಿದವು. ಮರುದಿನ ಬೆಳಗಿನ ಜಾವದಲ್ಲೇ ಉತ್ತರ ಕೊಡಬೇಕೆಂದು ನಿಶ್ಚಯವಾಯಿತು. ಗುರಿ ಸರ್ಗೋಧಾ, ಪಾಕಿಸ್ತಾನದ ಅತಿ ಪ್ರಮುಖ ವಾಯುನೆಲೆ. ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನಾಯಕತ್ವದಲ್ಲಿ 12 ಮಿಸ್ಟೇರ್ ವಿಮಾನಗಳು ಹೊರಡಬೇಕಿತ್ತು. ಯಾರಾದರೂ ಹಿಂದುಳಿದರೆ ಆ ಸ್ಥಾನ ತುಂಬಲು ಇನ್ನಿಬ್ಬರು ಮೀಸಲು. ದೇವಯ್ಯನವರು ಆ ಮೀಸಲು ಪಟ್ಟಿಯಲ್ಲಿದ್ದವರು. ಎಲ್ಲವೂ ಯೋಜನೆಯಂತೆ ನಡೆದಿದ್ದರೆ ಅವರು ಆ ಬೆಳಿಗ್ಗೆ ಹಾರಬೇಕಾಗಿಯೇ ಇರಲಿಲ್ಲ. ಒಂದು ಸ್ಥಾನ ತೆರವಾಯಿತು, ಅವರು ಹೊರಟರು.

ಇಲ್ಲಿ ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗದು. ಮಿಸ್ಟೇರ್ ಫ್ರಾನ್ಸಿನಲ್ಲಿ ತಯಾರಾದ ವಿಮಾನ; ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನು ಮೀರಲಾರದು. ಆದಂಪುರದಿಂದ ಸರ್ಗೋಧಾಕ್ಕೆ, ಅದೂ ಶತ್ರುವಿನ ಕಣ್ಣು ತಪ್ಪಿಸಲು ನೆಲಕ್ಕೆ ಸಮೀಪವಾಗಿ ಹಾರಿಹೋಗಿ ಮರಳುವುದೆಂದರೆ ಅದರ ಇಂಧನ ಬಹುಪಾಲು ಮುಗಿದಂತೆಯೇ. ದಾರಿಯಲ್ಲಿ ನಿಂತು ಕಾದಾಡಲು ಉಳಿಯುವುದು ಅತ್ಯಲ್ಪ. ಎದುರಿಗೆ ಬಂದದ್ದಾದರೋ ಅಮೆರಿಕದ ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ್ದು, ಆ ಕಾಲದ ಅತ್ಯಾಧುನಿಕ ಯುದ್ಧವಿಮಾನಗಳಲ್ಲೊಂದು. ಅದನ್ನು ನಡೆಸುತ್ತಿದ್ದವರು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್.

ದಾಳಿ ಮುಗಿಸಿದ ವಿಮಾನಗಳು ಆದಂಪುರಕ್ಕೆ ಮರಳಿದವು. ದೇವಯ್ಯನವರು ಮರಳಲಿಲ್ಲ. ಅವರಿಗೆ ಏನಾಯಿತೆಂದು ಕಂಡವರು ಸಂಗಡಿಗರಲ್ಲಿ ಒಬ್ಬರೂ ಇರಲಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಅವರ ಹೆಸರು ಸೇರಿತು.

‘ಕಾಣೆ’ ಎಂಬ ಈ ಎರಡಕ್ಷರ ಒಂದು ಮನೆಯವರನ್ನು ಎಷ್ಟು ಬಳಲಿಸುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು. ಸತ್ತವರಿಗೆ ಸಂಸ್ಕಾರವುಂಟು, ಬದುಕಿರುವವರಿಗೆ ಪತ್ರವುಂಟು. ಕಾಣೆಯಾದವರಿಗೆ ಎರಡೂ ಇಲ್ಲ. ಅದೇ ಯುದ್ಧದಲ್ಲಿ, ಸೆಪ್ಟೆಂಬರ್ 22ರಂದು, ಕೊಡಗಿನವರೇ ಆದ ಜನರಲ್ ಕಾರ್ಯಪ್ಪನವರ ಮಗನ ವಿಮಾನವೂ ಉರುಳಿ ಅವರು ಸೆರೆಯಾದರು. ಮಗನನ್ನು ಬಿಡುಗಡೆ ಮಾಡಲು ಅಯೂಬ್ ಖಾನ್ ಮುಂದೆ ಬಂದರೂ, ಇತರ ಯುದ್ಧಕೈದಿಗಳಿಗಿಲ್ಲದ ಸೌಲಭ್ಯ ತಮ್ಮ ಮಗನಿಗೆ ಬೇಡವೆಂದು ಕಾರ್ಯಪ್ಪನವರು ನಿರಾಕರಿಸಿದ್ದು ನಾಡಿಗೆಲ್ಲ ತಿಳಿದ ಸಂಗತಿ. ಆ ಮಗ ಕೊನೆಗೆ ಮನೆಗೆ ಮರಳಿದರು. ದೇವಯ್ಯನವರ ಮನೆಗೆ ಮಾತ್ರ ವರ್ಷಗಳು ಉರುಳಿದರೂ ಖಚಿತವಾದ ಸುದ್ದಿ ಬರಲಿಲ್ಲ.

ಸುದ್ದಿ ಬಂದದ್ದು ಯಾರೂ ನಿರೀಕ್ಷಿಸದ ದಿಕ್ಕಿನಿಂದ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಆ ವಾಯುಯುದ್ಧವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಪಾಕಿಸ್ತಾನದ ಕಡೆಯ ದಾಖಲೆ ಮತ್ತು ಹೇಳಿಕೆಗಳನ್ನು ಆಧರಿಸಿ, ಬಹುಮಟ್ಟಿಗೆ ಅವರ ದೃಷ್ಟಿಯಿಂದಲೇ ಬರೆದ ಗ್ರಂಥವದು. ನಮ್ಮವರ ಶೌರ್ಯವನ್ನು ಹೊಗಳಬೇಕೆಂಬ ಉದ್ದೇಶ ಅದಕ್ಕೆ ಇರಲಿಲ್ಲ. ಆದರೂ ಅದರಲ್ಲಿ ಸೆಪ್ಟೆಂಬರ್ 7ರ ಬೆಳಗಿನ ಒಂದು ಕಾಳಗದ ವಿವರವಿತ್ತು. ಅಮ್ಜದ್ ಹುಸೇನ್ ಒಂದು ಮಿಸ್ಟೇರಿನ ಮೇಲೆ ಗುಂಡು ಹಾರಿಸಿದರು; ಅದು ಮುಗಿಯಿತೆಂದು ಭಾವಿಸಿ ಉಳಿದವುಗಳತ್ತ ತಿರುಗಿದರು. ಮುಗಿದಿರಲಿಲ್ಲ. ಗಾಯಗೊಂಡ ವಿಮಾನದಲ್ಲೇ ಆ ಭಾರತೀಯ ಪೈಲಟ್ ಓಡಿಹೋಗದೆ ತಿರುಗಿಬಿದ್ದು ಕಾದಾಡಿದರು. ನೆಲದ ಸಮೀಪದ ತಿರುವುಗಳಲ್ಲಿ ಸ್ಟಾರ್‌ಫೈಟರಿನ ವೇಗವೇ ಅದಕ್ಕೆ ತೊಡಕಾಯಿತು. ಮಿಸ್ಟೇರಿನ ಗುಂಡುಗಳು ತಗುಲಿದವು. ಅಮ್ಜದ್ ಹೊರಜಿಗಿದು ಪ್ಯಾರಾಚೂಟಿನಿಂದ ಬದುಕಿಕೊಂಡರು. ಆ ಅಪರಿಚಿತ ಎದುರಾಳಿ ಚೆನ್ನಾಗಿ ಹೋರಾಡಿದರೆಂಬುದನ್ನು ಅವರು ಮುಚ್ಚಿಡಲಿಲ್ಲ.

ಈ ಪುಸ್ತಕದ ಸಂಗತಿ ನಿವೃತ್ತರಾಗಿದ್ದ ತನೇಜಾ ಅವರ ಗಮನಕ್ಕೆ ಬಂತು. ಆ ಬೆಳಗಿನ ತಮ್ಮ ದಾಳಿಯಲ್ಲಿ ಮರಳಿಬಾರದ ಮಿಸ್ಟೇರ್ ಒಂದೇ, ಅದು ದೇವಯ್ಯನವರದು. ಆ ಅಪರಿಚಿತ ಬೇರೆ ಯಾರೂ ಆಗಿರಲು ಸಾಧ್ಯವಿರಲಿಲ್ಲ. ಅವರು ವಾಯುಪಡೆಯ ಪ್ರಧಾನ ಕಚೇರಿಗೆ ಬರೆದರು. ಕಡತಗಳು ನಿಧಾನವಾಗಿ ಚಲಿಸಿದವು, ನಮ್ಮಲ್ಲಿ ಕಡತಗಳು ಚಲಿಸುವ ರೀತಿಯೇ ಅದು! 1988ರಲ್ಲಿ, ಅಂದರೆ ಘಟನೆ ನಡೆದ 23 ವರ್ಷಗಳ ನಂತರ, ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಪ್ರದಾನವಾಯಿತು. ಯುದ್ಧಕಾಲದ ಶೌರ್ಯಕ್ಕೆ ಸಲ್ಲುವ ಪ್ರಶಸ್ತಿಗಳಲ್ಲಿ ಇದು ಪರಮವೀರ ಚಕ್ರದ ನಂತರದ್ದು. ಪದಕವನ್ನು ಸ್ವೀಕರಿಸಿದವರು ಅವರ ಪತ್ನಿ.

ಈ ಚರಿತ್ರೆಯನ್ನು ಓದುವಾಗಲೆಲ್ಲ ನನ್ನನ್ನು ತಡೆದು ನಿಲ್ಲಿಸುವುದು ಸಾಕ್ಷಿಯ ಪ್ರಶ್ನೆ. ಶೌರ್ಯಪದಕಕ್ಕೆ ಸಾಕ್ಷಿ ಬೇಕು, ಅದು ನ್ಯಾಯವೇ. ದೇವಯ್ಯನವರ ಕಾರ್ಯವನ್ನು ಕಂಡಿದ್ದವರು ಅವರನ್ನು ಕೊಲ್ಲಲು ಬಂದಿದ್ದವರು. ಅಮ್ಜದ್ ಸುಳ್ಳು ಹೇಳಿದ್ದರೆ ಕೇಳುವವರಾರು? ತಮ್ಮ ವಿಮಾನ ಕೆಟ್ಟಿತೆಂದೋ, ಇನ್ನಾವುದೋ ಕಾರಣದಿಂದ ಬಿತ್ತೆಂದೋ ಹೇಳಿ ಸುಮ್ಮನಿದ್ದರೆ ತಡೆಯುವವರಿರಲಿಲ್ಲ. ತಮ್ಮ ಸೋಲನ್ನು ಇದ್ದಂತೆ ಹೇಳಿದ್ದರಿಂದ ಶತ್ರುವಿನ ಮನೆಯವರಿಗೆ ನ್ಯಾಯ ದೊರೆಯಿತು. ಇದೇ ಅಮ್ಜದ್ 1971ರ ಯುದ್ಧದಲ್ಲಿ ಅಮೃತಸರದ ಬಳಿ ಮತ್ತೆ ವಿಮಾನ ಕಳೆದುಕೊಂಡು ಭಾರತದ ಸೆರೆಯಾಳಾದರು. ದೇವಯ್ಯನವರ ಕೊನೆಯ ಹೊತ್ತನ್ನು ಬಲ್ಲವರು ನಮ್ಮ ನೆಲದಲ್ಲೇ ಇದ್ದ ಆ ದಿನಗಳಲ್ಲೂ ನಮ್ಮ ದಾಖಲೆಯಲ್ಲಿ ದೇವಯ್ಯನವರು ಕಾಣೆಯಾದವರೇ.

ಇಂದು ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ವೃತ್ತಕ್ಕೆ ಅವರ ಹೆಸರಿದೆ. 2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರ ಈ ಘಟನೆಯನ್ನೇ ಆಧರಿಸಿದ್ದು, ಆದರೆ ಅದರಲ್ಲಿ ನಾಯಕನ ಹೆಸರು ಬೇರೆ. ಚಿತ್ರ ನೋಡಿದ ಮಕ್ಕಳಿಗೆ ನಿಜವಾದ ಹೆಸರನ್ನು ಹಿರಿಯರು ಹೇಳಿಕೊಡಬೇಕಾಗುತ್ತದೆ.

ದೇವಯ್ಯನವರ ದೇಹ ಕೊಡಗಿಗೆ ಮರಳಲಿಲ್ಲ. ವಿಮಾನ ಬಿದ್ದ ಸ್ಥಳದ ಹಳ್ಳಿಗರು ಹೊಲದಲ್ಲಿ ದೊರೆತ ದೇಹವನ್ನು ತಾವೇ ಮಣ್ಣು ಮಾಡಿದರೆಂದು ಆ ಕಡೆಯ ಬರಹಗಳಿಂದ ಅನಂತರ ತಿಳಿದುಬಂತು.