ಮ್ಯಾಟಡೋರ್ ಎಂಬ ದಾಯಾದಿ

ನಾನು ಕುಮಾರಸ್ವಾಮಿ ಲೇಔಟಿನಲ್ಲಿ ಬೆಳೆಯುತ್ತಿದ್ದ ಕಾಲಕ್ಕೆ ಮದುವೆ, ಮುಂಜಿ, ತಿರುಪತಿ ಯಾತ್ರೆ ಏನೇ ಬರಲಿ, ಹಿರಿಯರ ಮೊದಲ ಪ್ರಶ್ನೆ ಒಂದೇ: "ಮ್ಯಾಟಡೋರ್‌ಗೆ ಹೇಳಿದ್ದೀರೇನ್ರೀ?" ಹಿಂದಿನ ರಾತ್ರಿಯೇ ಜಮಖಾನೆ, ಪಂಪ್ ಸ್ಟೋವ್, ನೀರಿನ ಕೊಡ, ಪುಳಿಯೋಗರೆಯ ದೊಡ್ಡ ಡಬರಿ ಗಾಡಿ ಸೇರುತ್ತಿದ್ದವು. ಮುಳಬಾಗಿಲು ದಾಟಿ ಎಲ್ಲಾದರೂ ಒಂದು ಹುಣಸೆಮರ ಕಂಡರೆ ಸಾಕು, ಅಲ್ಲೇ ಕಾಫಿ, ಅಲ್ಲೇ ಊಟ. ಮಕ್ಕಳು ಸೀಟುಗಳ ನಡುವೆ ಮಲಗಿಬಿಡುತ್ತಿದ್ದೆವು. ಇದನ್ನು 'ಕ್ಯಾಂಪಿಂಗ್' ಎನ್ನುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ.

ಈಗ ಹಳೆಯ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನುಗಳಿಗೆ ಬಣ್ಣ ಬಳಿದು, ಮಂಚ, ಒಲೆ ಕೂರಿಸಿ ಮಾರುವವರ ಚಿತ್ರಗಳನ್ನು ನೋಡುವಾಗ ನನಗೆ ಆ ಗಾಡಿಯೇ ನೆನಪಾಗುತ್ತದೆ. ನೆನಪು ಸುಮ್ಮನೆ ಬರುವುದಲ್ಲ. ಇವೆರಡೂ ದಾಯಾದಿಗಳು.

1947ರಲ್ಲಿ ಬೆನ್ ಪೊನ್ ಎಂಬ ಡಚ್ ಕಾರು ವ್ಯಾಪಾರಿ ಪುಸ್ತಕದ ಹಾಳೆಯಲ್ಲಿ ಡಬ್ಬದಂಥ ಒಂದು ಗಾಡಿ ಗೀಚಿದ. ಬೀಟಲ್ ಕಾರಿನ ಎಂಜಿನ್ ಹಿಂದೆ, ಡ್ರೈವರ್ ಮುಂದೆ, ನಡುವೆ ಸಾಮಾನು. 1950ರಲ್ಲಿ ಅದೇ ಫೋಕ್ಸ್‌ವ್ಯಾಗನ್ ವ್ಯಾನಾಯಿತು. ಮರುವರ್ಷ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಇಟ್ಟು ತೆಗೆಯಬಹುದಾದ ಪೀಠೋಪಕರಣ ಮಾಡಿಕೊಟ್ಟಿತು. ಕ್ಯಾಂಪರ್ ವ್ಯಾನ್ ಹುಟ್ಟಿದ್ದು ಹೀಗೆ.

ಆದರೆ ಅದಕ್ಕೂ ಒಂದು ವರ್ಷ ಮೊದಲು, 1949ರಲ್ಲೇ, ಅದೇ ಬೀಟಲ್ ಎಂಜಿನ್ ಇನ್ನೊಂದು ವ್ಯಾನನ್ನು ಎಳೆಯುತ್ತಿತ್ತು. ಹ್ಯಾಂಬರ್ಗ್‌ನ ವಿಡಾಲ್ ಕಂಪನಿ 'ಟೆಂಪೋ' ಹೆಸರಿನಲ್ಲಿ ಮೂರು ಚಕ್ರದ ಗಾಡಿ ಮಾಡುತ್ತಿತ್ತು. ಅದು ಫೋಕ್ಸ್‌ವ್ಯಾಗನ್‌ನಿಂದ ಎಂಜಿನ್ ಕೊಂಡು ನಾಲ್ಕು ಚಕ್ರದ ವ್ಯಾನ್ ತಂದಿತು. ಅದರ ಹೆಸರೇ ಮ್ಯಾಟಡೋರ್! ಫೋಕ್ಸ್‌ವ್ಯಾಗನ್ ತನ್ನದೇ ವ್ಯಾನ್ ಮಾಡತೊಡಗಿದ ಮೇಲೆ ಎದುರಾಳಿಗೆ ಎಂಜಿನ್ ಏಕೆ ಕೊಟ್ಟೀತು? 1952ರ ಹೊತ್ತಿಗೆ ಸರಬರಾಜು ನಿಂತಿತು. ಟೆಂಪೋ ಬೇರೆಯವರ ಎಂಜಿನ್ನುಗಳಿಗೆ ಅಲೆಯಬೇಕಾಯಿತು.

ಮ್ಯಾಟಡೋರಿಗೆ ಒಂದು ಅನುಕೂಲವಿತ್ತು. ಎಂಜಿನ್ ಮುಂದೆ, ಎಳೆಯುವುದೂ ಮುಂದಿನ ಚಕ್ರ. ಹಾಗಾಗಿ ಹಿಂದೆ ನೆಲ ತಗ್ಗಾಗಿ, ಮಟ್ಟಸವಾಗಿ ಸಿಗುತ್ತಿತ್ತು. ಫೋಕ್ಸ್‌ವ್ಯಾಗನ್ನಿನಲ್ಲಿ ಹಿಂಬದಿ ಎಂಜಿನ್ನಿನ ಮೇಲೆ ನೆಲ ಎತ್ತರಿಸಲೇಬೇಕು. ಮನೆ ಹೂಡುವುದಕ್ಕೆ ಯಾವುದು ಮೇಲು ಎಂದರೆ, ನನ್ನ ಮತ ಮ್ಯಾಟಡೋರಿಗೆ.

ಫಿರೋದಿಯಾ ಅವರ ಬಜಾಜ್ ಟೆಂಪೋ 1958ರಲ್ಲಿ ಶುರುವಾಗಿ, ಮೊದಲು ಮೂರು ಚಕ್ರದ ಹ್ಯಾನ್ಸೀಟ್ ತಂದಿತು. 1969ರಲ್ಲಿ ಮ್ಯಾಟಡೋರ್ ಬಂತು. ಜರ್ಮನಿಯಲ್ಲಿ ಅದರ ತಯಾರಿಕೆ 1977ರಲ್ಲಿ ಮುಗಿದರೂ ಇಲ್ಲಿ ಓಡುತ್ತಲೇ ಇತ್ತು. ಶಾಲೆ, ಕಾರ್ಖಾನೆ, ತರಕಾರಿ ಮಂಡಿ, ಶವಸಂಸ್ಕಾರ ಎಲ್ಲಕ್ಕೂ ಅದೇ. ಕಂಪನಿಯ ಹೆಸರಾದ 'ಟೆಂಪೋ' ಕನ್ನಡದಲ್ಲಿ ಸಾಮಾನು ಗಾಡಿಗೇ ಹೆಸರಾಯಿತು. 1987ರಲ್ಲಿ ಬಂದ ಟೆಂಪೋ ಟ್ರಾವೆಲರ್ ನಮ್ಮ ಬಾಯಲ್ಲಿ 'ಟಿಟಿ' ಆಗಿ ಯಾತ್ರೆಯ ಕೆಲಸ ವಹಿಸಿಕೊಂಡಿತು. 2005ರಲ್ಲಿ ಕಂಪನಿಯೇ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿತು.

ಅತ್ತ ದಾಯಾದಿಯ ಅದೃಷ್ಟವೇ ಬೇರೆ. 2011ರಲ್ಲಿ ಅಮೆರಿಕದ ಹರಾಜೊಂದರಲ್ಲಿ 1963ರ ಇಪ್ಪತ್ತಮೂರು ಕಿಟಕಿಯ ಫೋಕ್ಸ್‌ವ್ಯಾಗನ್ 2 ಲಕ್ಷ ಡಾಲರ್ ದಾಟಿತು. ಇತ್ತ ಮ್ಯಾಟಡೋರುಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು.

ಉಳಿದ ಒಂದೆರಡನ್ನು ಯಾರಾದರೂ ಹುಡುಕಿ ತಂದು ಕ್ಯಾಂಪರ್ ಮಾಡಬಾರದೇ? 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ. ಮೊದಮೊದಲ ಮ್ಯಾಟಡೋರುಗಳಿಗೆ ಐವತ್ತು ತುಂಬಿದೆ. ತೊಡಕು ಇರುವುದು ಬೇರೆ ಕಡೆ. ವಾಹನ ಸ್ವಂತ ಬಳಕೆಯದಾಗಿರಬೇಕು, ಮೂಲ ರೂಪದಲ್ಲೇ ಇರಬೇಕು. ಮ್ಯಾಟಡೋರ್ ಹೆಚ್ಚಾಗಿ ಬಾಡಿಗೆಗೆ ದುಡಿದ ಗಾಡಿ, ಹಳದಿ ಬೋರ್ಡಿನದು. ಒಳಗೆ ಮಂಚ, ಒಲೆ ಕೂರಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಎದುರಾಗುತ್ತದೆ. ಬಿಳಿ ಬೋರ್ಡಿನ ಶ್ರೀಮಂತರ ಕಾರಿಗೆ ಪರಂಪರೆಯ ಪಟ್ಟ, ದುಡಿದ ಗಾಡಿಗೆ ಗುಜರಿ. ನಿಯಮ ಬರೆದವರು ಮ್ಯಾಟಡೋರಿನಲ್ಲಿ ತಿರುಪತಿಗೆ ಹೋಗಿರಲಿಕ್ಕಿಲ್ಲ.

ನಮ್ಮನ್ನು ಹೊತ್ತೊಯ್ದ ಗಾಡಿಯಲ್ಲಿ ಉಳಿದಿರುವುದು ತಲೆಯ ಮೇಲಿನ ಕ್ಯಾರಿಯರ್ ಮಾತ್ರ. ಮಾಲೀಕರ ಮನೆಯ ತಾರಸಿಯಲ್ಲಿ ಅದರ ಮೇಲೆ ಅವರೆ ಬಳ್ಳಿ ಹಬ್ಬಿದೆ.