ಕಾಲು ನೆಲಕ್ಕೆ ಎಟುಕ್ತಿಲ್ವಾ? ಬೈಕನ್ನು ಮನೇಲೇ ನಿಮ್ಮ ಅಳತೆಗೆ ಹೊಂದಿಸಿಕೊಳ್ಳೋದು ಹೀಗೆ

ಹಂದನಕೆರೆ: ತೋಟದ ದಾರೀಲಿ ತೆಂಗಿನಕಾಯಿ ಮೂಟೆ ಹೇರಿಕೊಂಡು ಬರುವಾಗ ಗಾಡಿ ನಿಲ್ಲಿಸಿ, ಕಾಲು ನೆಲಕ್ಕೆ ಎಟುಕದಿದ್ದರೆ ಗಾಡಿ, ಮೂಟೆ ಎರಡೂ ಸವಾರರ ಮೇಲೇ ಬೀಳುತ್ತವೆ. ಹೀರೋ ಸ್ಪ್ಲೆಂಡರ್ ಪ್ಲಸ್ ಸೀಟಿನ ಎತ್ತರ 785 ಮಿ.ಮೀ., ಟಿವಿಎಸ್ ಎಕ್ಸ್‌ಎಲ್ 100ರದ್ದು 787 ಮಿ.ಮೀ. ಅಂದರೆ ಹೆಚ್ಚುಕಡಿಮೆ 31 ಇಂಚು. ಇದೇ ಗಾಡಿಯನ್ನ ಆರಡಿ ಮಗನೂ ಓಡಿಸಬೇಕು, ಐದಡಿ ಸೊಸೆಯೂ ಓಡಿಸಬೇಕು. ಹಾಗಂತ ತಕ್ಷಣ ವೆಲ್ಡಿಂಗ್ ಅಂಗಡಿಗೆ ಹೋಗಬೇಕಿಲ್ಲ. ಮುಕ್ಕಾಲು ಪಾಲು ಕೆಲಸ ಗಾಡಿಯಲ್ಲೇ ಇರೋ ಬೋಲ್ಟು-ನಟ್ಟಲ್ಲೇ ಆಗುತ್ತೆ.

ಮೊದಲು ಅಳತೆ
ದಿನಾ ಹಾಕೋ ಚಪ್ಪಲಿ ಅಥವಾ ಶೂ ಹಾಕಿಕೊಂಡು ಗಾಡಿ ಮೇಲೆ ಕೂರಿ. ಇನ್ನೊಬ್ಬರು ಗಾಡಿ ಹಿಡಿದುಕೊಳ್ಳಲಿ. ಎರಡೂ ಕಾಲಿನ ಮುಂಗಾಲು ನೆಲಕ್ಕೆ ಗಟ್ಟಿಯಾಗಿ ಊರಬೇಕು.

ಹ್ಯಾಂಡಲ್
ಕ್ಲ್ಯಾಂಪ್ ಬೋಲ್ಟು ಸಡಿಲಿಸಿ ಹ್ಯಾಂಡಲನ್ನ ಸ್ವಲ್ಪ ನಿಮ್ಮ ಕಡೆಗೆ ತಿರುಗಿಸಬಹುದು. ಬಿಗಿ ಮಾಡಿದ ಮೇಲೆ ಎಂಜಿನ್ ಚಾಲೂ ಇಟ್ಟು, ನ್ಯೂಟ್ರಲ್‌ನಲ್ಲಿ ಹ್ಯಾಂಡಲನ್ನ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಎಂಜಿನ್ ಸದ್ದು ತಾನಾಗೇ ಏರಿದರೆ ಎಕ್ಸಲೇಟರ್ ಕೇಬಲ್ ಎಳೀತಿದೆ ಅಂತ ಅರ್ಥ. ಅದನ್ನ ಸರಿಮಾಡದೆ ರಸ್ತೆಗೆ ಇಳೀಬೇಡಿ.

ಲಿವರ್, ಪೆಡಲ್
ಕೂತಾಗ ಮೊಣಕೈಯಿಂದ ಬೆರಳಿನವರೆಗೆ ಒಂದೇ ಗೆರೆ ಬರೋ ಹಾಗೆ ಕ್ಲಚ್, ಬ್ರೇಕ್ ಲಿವರ್ ಇಳಿಸಿಕೊಳ್ಳಿ. ಕ್ಲಚ್ ಲಿವರ್ ತುದೀಲಿ ಸಾಮಾನ್ಯವಾಗಿ 10–15 ಮಿ.ಮೀ. ಆಟ ಇರಬೇಕು. ಗೇರ್ ಪೆಡಲ್ ಮೇಲೆ-ಕೆಳಗೆ ಮಾಡಲು ಅದರ ಬೋಲ್ಟನ್ನ ಪೂರ್ತಿ ತೆಗೆದು, ಒಂದು ಹಲ್ಲು ಸರಿಸಿ ಹಾಕಬೇಕು. ಬ್ರೇಕ್ ಪೆಡಲ್ ಸರಿಸಿದರೆ ಎರಡು ಪರೀಕ್ಷೆ ಮಾಡಿ: ಹಿಂದಿನ ಚಕ್ರ ಸಲೀಸಾಗಿ ತಿರುಗಬೇಕು, ಬ್ರೇಕ್ ಲೈಟ್ ಹತ್ತಿ ಆರಬೇಕು.

ಹಿಂದಿನ ಶಾಕ್‌ಅಬ್ಸಾರ್ಬರ್
ಮೂಟೆ ಹೇರುವಾಗ ಸ್ಪ್ರಿಂಗ್ ಮೆಟ್ಟಿಲು ಏರಿಸಿ, ಒಬ್ಬರೇ ಓಡಾಡುವಾಗ ಇಳಿಸಿ. ಇಳಿಸಿದರೆ ಸೀಟೂ ಸ್ವಲ್ಪ ತಗ್ಗುತ್ತೆ. ಎರಡೂ ಕಡೆ ಒಂದೇ ಮೆಟ್ಟಿಲಲ್ಲಿ ಇರಲೇಬೇಕು. ಹಿಂದೆ ಭಾರ ಬಿದ್ದರೆ ಹೆಡ್‌ಲೈಟ್ ಮೇಲಕ್ಕೆ ಎದ್ದು ಎದುರಿನವರ ಕಣ್ಣು ಕುಕ್ಕುತ್ತೆ, ಅದನ್ನೂ ಇಳಿಸಿಕೊಳ್ಳಿ.

ಸೀಟು
ಇಷ್ಟೆಲ್ಲಾ ಮಾಡಿದರೂ ಎಟುಕದಿದ್ದರೆ ಮಾತ್ರ ಕುಷನ್ ಅಂಗಡಿ. ಕಾಲನ್ನ ಅಗಲ ಮಾಡಿಸೋದು ಸೀಟಿನ ಎತ್ತರ ಮಾತ್ರ ಅಲ್ಲ, ಅಗಲವೂ ಹೌದು. ಆದ್ದರಿಂದ ಮೊದಲು ಮುಂಭಾಗದ ಎರಡೂ ಅಂಚಿನ ಫೋಮ್ ಕೆತ್ತಿಸಿ, ಸಾಲದಿದ್ದರೆ ಮೇಲಿನದನ್ನ ಒಂದು ಇಂಚಿನೊಳಗೆ ತೆಗೆಸಿ. ಮಳೆ ನೀರು ಕುಡಿಯದಂತೆ ರೆಕ್ಸಿನ್ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕಿಸಿ. ಹಳೇ ಸೀಟೊಂದನ್ನ ಕೊಂಡು ಅದಕ್ಕೆ ಕೆಲಸ ಮಾಡಿಸಿದರೆ ಕಂಪನಿ ಸೀಟು ಹಾಗೇ ಉಳಿಯುತ್ತೆ, ಉದ್ದ ಇರೋರು ಓಡಿಸುವಾಗ ಬದಲಿಸಿಕೊಳ್ಳಬಹುದು.

ಇವನ್ನ ಮಾಡಬೇಡಿ
ಗಿಡ್ಡ ಶಾಕ್‌ಅಬ್ಸಾರ್ಬರ್ ಹಾಕಿದರೆ ಗುಂಡಿಗೆ ಇಳಿದಾಗ ಟೈರ್ ಮಡ್‌ಗಾರ್ಡಿಗೆ ಉಜ್ಜುತ್ತೆ. ಸೈಡ್ ಸ್ಟ್ಯಾಂಡ್ ಉದ್ದ ಆಗಿ ಗಾಡಿ ನೆಟ್ಟಗೆ ನಿಂತು ಮಗುಚಿಕೊಳ್ಳುತ್ತೆ. ಹ್ಯಾಂಡಲ್, ಚಾಸಿಗೆ ವೆಲ್ಡಿಂಗ್ ಬೇಡವೇ ಬೇಡ. ಹಿಂದೆ ಕೂರೋರ ಹಿಡಿಕೆ, ಫುಟ್‌ರೆಸ್ಟ್, ಸೀರೆ ಗಾರ್ಡ್ ಕೇಂದ್ರ ಮೋಟಾರು ವಾಹನ ನಿಯಮ 123ರಂತೆ ಇರಲೇಬೇಕು, ಮೂಟೆಗೆ ಅಡ್ಡ ಅಂತ ಬಿಚ್ಚಬೇಡಿ.

ಕಾನೂನು
ಲಿವರ್, ಪೆಡಲ್ ಹೊಂದಿಸೋದು ಗಾಡಿಯ ಮೂಲ ಸ್ವರೂಪ ಬದಲಿಸಿದಂತಲ್ಲ. ಆದರೆ ಗಾಡಿಯ ರಚನೆಯನ್ನೇ ಬದಲಿಸಿ, ಆರ್‌ಸಿಯಲ್ಲಿರೋ ಕಂಪನಿ ವಿವರಕ್ಕೆ ತಾಳೆಯಾಗದಂತೆ ಮಾಡೋದನ್ನ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತೆ. 2019ರಲ್ಲಿ ಸೇರಿದ 182ಎ ಕಲಂ ಪ್ರಕಾರ ನಿಯಮ ಮೀರಿದ ಒಂದೊಂದು ಬದಲಾವಣೆಗೂ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಅಂಗವಿಕಲರಿಗೆಂದು ಗಾಡಿ ಬದಲಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಪಕ್ಕದ ಚಕ್ರ ಕೂರಿಸುವ ಮೊದಲು ತಿಪಟೂರಿನ ಆರ್‌ಟಿಓ ಕಚೇರಿಯಲ್ಲಿ (ಕೆಎ-44) ವಿಚಾರಿಸಿ, ಅನುಮತಿ ಪಡೆದು, ಆರ್‌ಸಿಯಲ್ಲಿ ನಮೂದು ಮಾಡಿಸಿಕೊಳ್ಳಿ.

ಎಲ್ಲ ಮುಗಿದ ಮೇಲೆ ಮೂಟೆ ಇಲ್ಲದೆ ಖಾಲಿ ರಸ್ತೇಲಿ ನಿಧಾನಕ್ಕೆ ಎರಡು ಸುತ್ತು ಹೊಡೆದು, ಸಡಿಲಿಸಿದ್ದ ಬೋಲ್ಟುಗಳನ್ನ ಇನ್ನೊಮ್ಮೆ ಬಿಗಿ ಮಾಡಿ.