ಆಹಾರ, ಅಭ್ಯಾಸ ಮತ್ತು ಕ್ಯಾನ್ಸರ್: ಮಲೆನಾಡಿನ ಜೈನ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

"ನಾವು ಮಾಂಸ ಮುಟ್ಟುವವರಲ್ಲ, ಕುಡಿಯುವವರಲ್ಲ, ರಾತ್ರಿ ಊಟವೂ ಇಲ್ಲ. ನಮಗೇಕೆ ಕ್ಯಾನ್ಸರ್ ಬರುತ್ತದೆ?" ಈ ಮಾತು ನಮ್ಮ ಸಮಾಜದ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ನಂಬಿ ಕೂತವರು ಆಸ್ಪತ್ರೆಗೆ ಹೋಗುವಷ್ಟರಲ್ಲಿ ತಡವಾಗಿರುತ್ತದೆ. ಗೋಣಿಬೀಡು, ಮೂಡಿಗೆರೆ, ಕಳಸ, ಸಂಸೆ ಭಾಗದ ಕಾಫಿ ಸೀಮೆಯ ಮನೆಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಈ ಲೇಖನ ಬರೆದಿದೆ. ಆದರೆ ಇದರ ಬಹುಪಾಲು ರಾಜ್ಯದ ಎಲ್ಲ ಕುಟುಂಬಗಳಿಗೂ ಅನ್ವಯಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶೇ. 30ರಿಂದ 50ರಷ್ಟು ಕ್ಯಾನ್ಸರುಗಳನ್ನು ತಡೆಯಲು ಸಾಧ್ಯವಿದೆ. ಹೊಗೆಸೊಪ್ಪು, ಮದ್ಯ, ಅತಿತೂಕ, ಕೆಲವು ಸೋಂಕುಗಳು, ಹೊಗೆ ಮತ್ತು ಮಾಲಿನ್ಯ ಇವೇ ಮುಖ್ಯ ಕಾರಣಗಳು. ಉಳಿದದ್ದು ವಯಸ್ಸು, ವಂಶವಾಹಿ ಮತ್ತು ಜೀವಕೋಶ ವಿಭಜನೆಯಲ್ಲಿ ತಾನಾಗಿ ಆಗುವ ತಪ್ಪುಗಳಿಗೆ ಸೇರಿದ್ದು. ಆದ್ದರಿಂದ ಶಿಸ್ತಾಗಿ ಬಾಳಿದವರಿಗೂ ಕ್ಯಾನ್ಸರ್ ಬರಬಹುದು. ಹಾಗೆ ಬಂದಾಗ "ಏನು ತಪ್ಪು ಮಾಡಿದರೋ" ಎಂದು ರೋಗಿಯನ್ನು ಅನುಮಾನದಿಂದ ನೋಡುವುದು ಸರಿಯಲ್ಲ.

ಸಸ್ಯಾಹಾರದಿಂದ ಎಷ್ಟು ರಕ್ಷಣೆ?

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದನ, ಕುರಿ, ಹಂದಿಯಂಥ ಕೆಂಪು ಮಾಂಸವನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂದು ಕರೆಯಿತು. ಎರಡೂ ಮುಖ್ಯವಾಗಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಸಂಬಂಧಿಸಿದವು. ಬ್ರಿಟನ್ನಿನಲ್ಲಿ ಲಕ್ಷಾಂತರ ಜನರನ್ನು ವರ್ಷಗಟ್ಟಲೆ ಗಮನಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಿತ್ಯ ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳಲ್ಲಿ ಒಟ್ಟಾರೆ ಕ್ಯಾನ್ಸರ್ ಅಪಾಯ ಶೇ. 14ರಷ್ಟು ಕಡಿಮೆ ಕಂಡುಬಂತು. ಆ ಸಸ್ಯಾಹಾರಿಗಳು ಸಾಮಾನ್ಯವಾಗಿ ತೂಕದಲ್ಲೂ ಧೂಮಪಾನದಲ್ಲೂ ಕಡಿಮೆಯಿರುವವರು. ಹಾಗಾಗಿ ಇದರಲ್ಲಿ ಎಷ್ಟು ಪಾಲು ಆಹಾರದ್ದು ಎಂದು ಬಿಡಿಸಿ ಹೇಳುವುದು ಕಷ್ಟ.

ಶೇ. 14 ಸಣ್ಣದಲ್ಲ, ಆದರೆ ಅದು ರಕ್ಷಾಕವಚವೂ ಅಲ್ಲ. ಸಸ್ಯಾಹಾರಿಯೊಬ್ಬರು ದಿನಕ್ಕೆ ನಾಲ್ಕು ಸಲ ಅಡಿಕೆ ಮೆಲ್ಲುತ್ತಿದ್ದರೆ ಊಟದಿಂದ ಗಳಿಸಿದ್ದನ್ನು ಬಾಯಿಯಲ್ಲಿ ಕಳೆದುಕೊಳ್ಳುತ್ತಾರೆ.

ಎಲೆ, ಅಡಿಕೆ, ಹೊಗೆಸೊಪ್ಪು

ಮಲೆನಾಡಿನಲ್ಲಿ ಈ ವಿಷಯ ಎತ್ತುವುದು ಮುಜುಗರದ ಕೆಲಸ. ನಮ್ಮಲ್ಲಿ ಅನೇಕರಿಗೆ ಅಡಿಕೆಯೇ ಜೀವನಾಧಾರ. ಮದುವೆ, ಪೂಜೆ, ಸೀಮಂತ ಯಾವುದೂ ತಾಂಬೂಲವಿಲ್ಲದೆ ಮುಗಿಯುವುದಿಲ್ಲ. ಆದರೂ ಹೇಳಲೇಬೇಕು.

ಹೊಗೆಸೊಪ್ಪು ಸೇರಿದ ಎಲೆಅಡಿಕೆ ಕ್ಯಾನ್ಸರ್‌ಕಾರಕ ಎಂದು 1985ರಲ್ಲೇ ತೀರ್ಮಾನವಾಗಿತ್ತು. ಹೊಗೆಸೊಪ್ಪು ಇಲ್ಲದ ಎಲೆಅಡಿಕೆಯೂ, ಬರೀ ಅಡಿಕೆಯೂ ಮೊದಲ ಗುಂಪಿಗೆ ಸೇರುತ್ತವೆ ಎಂದು 2004ರಲ್ಲಿ ಪ್ರಕಟವಾದ ವರದಿ ಹೇಳಿತು. "ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಅಡಿಕೆ" ಎನ್ನುವ ಸಮಾಧಾನ ಅಲ್ಲಿಗೆ ಮುಗಿಯಿತು. ಅಡಿಕೆಯಲ್ಲಿರುವ ಅರೆಕೋಲಿನ್ ಮೊದಲಾದ ಅಂಶಗಳು ಕೆನ್ನೆಯ ಒಳಪದರದಲ್ಲಿ ನಾರು ಕಟ್ಟುವಂತೆ ಮಾಡುತ್ತವೆ. ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆ ಬಿಳಚಿ ಗಟ್ಟಿಯಾಗುತ್ತದೆ, ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ. ಇದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ತಮ್ಮದೇ ಕೈಯ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟು ನೋಡಿ. ಮೂರು ಬೆರಳು ಹಿಡಿಯದಿದ್ದರೆ ದಂತವೈದ್ಯರಿಗೆ ತೋರಿಸಬೇಕು.

ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವುದು ಬಾಯಿಯ ಕ್ಯಾನ್ಸರ್. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ಹೊಗೆಸೊಪ್ಪು ಇನ್ನೊಂದು ಪೊಟ್ಟಣದಲ್ಲಿ ಮಾರಾಟಕ್ಕೆ ಬಂತು. ಕೊಳ್ಳುವವನು ಅಂಗೈಯಲ್ಲಿ ಎರಡನ್ನೂ ಬೆರೆಸಿಕೊಳ್ಳುತ್ತಾನೆ. ಅಷ್ಟೇ ವ್ಯತ್ಯಾಸ.

ಶ್ರಾವಕರು ಬಿಡಬೇಕೆನ್ನುವ ಸಪ್ತವ್ಯಸನಗಳಲ್ಲಿ ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಸಂಗ ಇವೆ, ಹೊಗೆಸೊಪ್ಪು ಇಲ್ಲ. "ಶಾಸ್ತ್ರದಲ್ಲಿ ಹೇಳಿಲ್ಲವಲ್ಲ" ಎಂದು ಕೆಲವರು ಇದನ್ನೇ ನೆಪ ಮಾಡುತ್ತಾರೆ. ಆ ಪಟ್ಟಿ ರೂಪುಗೊಂಡ ಕಾಲಕ್ಕೆ ಹೊಗೆಸೊಪ್ಪು ಈ ದೇಶದಲ್ಲೇ ಇರಲಿಲ್ಲ. ಅಮೆರಿಕದ ಆ ಗಿಡವನ್ನು ಪೋರ್ಚುಗೀಸರು ತಂದದ್ದು ಸುಮಾರು 400 ವರ್ಷಗಳ ಹಿಂದೆ.

ತೋಟದ ಯಜಮಾನರಿಗೆ ಇನ್ನೊಂದು ಮಾತು. ತಾವು ಹೊಗೆಸೊಪ್ಪು ಮುಟ್ಟದಿದ್ದರೂ, ಕೊಯ್ಲಿನ ಕಾಲದಲ್ಲಿ ಆಳುಗಳಿಗೆ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಕೊಡುವ ಪದ್ಧತಿ ಕೆಲವು ಕಡೆ ಉಳಿದಿದೆ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಮೂರಕ್ಕೂ ಹೊಣೆಯುಂಟೆಂದು ಕೃತ, ಕಾರಿತ, ಅನುಮೋದನದ ಮಾತನ್ನು ಚಿಕ್ಕಂದಿನಿಂದ ಕೇಳಿದವರು ನಾವು. ಲೈನ್ ಮನೆಯ ಹೆಂಗಸೊಬ್ಬಳ ಬಾಯಲ್ಲಿ ಹುಣ್ಣಾದಾಗ ಅವಳನ್ನು ಮೂಡಿಗೆರೆಗೋ ಚಿಕ್ಕಮಗಳೂರಿಗೋ ಕರೆದೊಯ್ಯಲು ಜೀಪು ಕೊಡುವುದು ಒಳ್ಳೆಯದು. ಹೊಗೆಸೊಪ್ಪಿನ ಬದಲು ಬೆಲ್ಲ, ಕಡಲೆ, ಒಂದು ಲೋಟ ಕಾಫಿ ಕೊಡುವುದು ಅದಕ್ಕಿಂತ ಒಳ್ಳೆಯದು. ಬಿಡಲು ಮನಸ್ಸಿದ್ದೂ ಆಗದವರಿಗೆ ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-11-2356 ಉಚಿತವಾಗಿದೆ.

ಮಳೆಗಾಲದ ಉಗ್ರಾಣ

ಗೋಣಿಬೀಡಿನ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಬಟ್ಟೆ ಒಣಗದ ಮನೆಯಲ್ಲಿ ಕಡಲೆಬೀಜ, ಕೊಬ್ಬರಿ, ಜೋಳ, ಒಣಮೆಣಸಿನಕಾಯಿ ಬೂಸ್ಟು ಹಿಡಿಯದಿರುತ್ತವೆಯೇ? ಕೆಲವು ಬೂಸ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂದು ಸಾಬೀತಾಗಿದೆ. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಅಪಾಯ ಹಲವು ಪಟ್ಟು ಹೆಚ್ಚು. ಹುರಿದರೂ ಬೇಯಿಸಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಬೂಸ್ಟನ್ನು ಒರೆಸಿ, ಬಿಸಿಲು ತೋರಿಸಿ ಬಳಸುವುದೂ ಸಲ್ಲದು. ಕಹಿಯಾದ, ಸುಕ್ಕುಗಟ್ಟಿದ, ಬಣ್ಣ ಕೆಟ್ಟ ಕಡಲೆಬೀಜವನ್ನು ಎಸೆಯಬೇಕು. ದನಕ್ಕೂ ಹಾಕಬಾರದು, ಏಕೆಂದರೆ ವಿಷದ ಒಂದಂಶ ಹಾಲಿಗೆ ಬರುತ್ತದೆ.

ಇಲ್ಲಿ ನಮ್ಮ ಹಿರಿಯರ ಪದ್ಧತಿಯೊಂದು ನೆರವಿಗೆ ಬರುತ್ತದೆ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನ ಎಂಬ ಮರ್ಯಾದೆ ಇದೆ. ಅದು ಜೀವದಯೆಗಾಗಿ ಹುಟ್ಟಿದ ನಿಯಮ. ಕ್ಯಾನ್ಸರ್ ವಿಚಾರ ಯಾರ ಮನಸ್ಸಿನಲ್ಲೂ ಇರಲಿಲ್ಲ. ಆದರೂ ತೇವದ ಸೀಮೆಯಲ್ಲಿ ಸ್ವಲ್ಪ ಸ್ವಲ್ಪವೇ ಬೀಸಿಸಿ ಬೇಗ ಮುಗಿಸುವ ಮನೆಯಲ್ಲಿ ಬೂಸ್ಟಿಗೆ ಅವಕಾಶ ಕಡಿಮೆ. ಆನ್‌ಲೈನ್‌ನಲ್ಲಿ 10 ಕಿಲೋ ಹಿಟ್ಟು ತರಿಸಿ ಮೂರು ತಿಂಗಳು ಇಡುವವರು ಯೋಚಿಸಲಿ.

ಉಪ್ಪಿನ ವಿಷಯವೂ ಮಳೆಗಾಲಕ್ಕೆ ಸೇರಿದ್ದೇ. ಉಪ್ಪಿನಲ್ಲಿಟ್ಟ ಮಾವಿನಕಾಯಿ, ಹಲಸಿನ ತೊಳೆ, ಉಪ್ಪಿನಕಾಯಿ, ಹಪ್ಪಳ ಇಲ್ಲದೆ ಹಳೆಯ ಕಾಲದ ಆಷಾಢ ಕಳೆಯುತ್ತಿರಲಿಲ್ಲ. ಉಪ್ಪಿನಲ್ಲಿಟ್ಟ ಪದಾರ್ಥ ಅತಿಯಾದರೆ ಜಠರದ ಕ್ಯಾನ್ಸರಿನ ಅಪಾಯ ಏರುತ್ತದೆ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಉಪ್ಪು ಸಾಕು. ಈಗ ವರ್ಷವಿಡೀ ತರಕಾರಿ ಸಿಗುವಾಗ ಉಪ್ಪಿನಕಾಯಿ ಎಲೆಯ ತುದಿಯಲ್ಲಿ ಇದ್ದರಾಯಿತು.

ಕಾಫಿಯ ಬಗ್ಗೆ ಒಂದು ಸಮಾಧಾನದ ಸುದ್ದಿ ಇದೆ. 1991ರಲ್ಲಿ ಮೂತ್ರಕೋಶದ ಕ್ಯಾನ್ಸರಿನ ಅನುಮಾನದ ಮೇಲೆ ಕಾಫಿಯನ್ನು 'ಕ್ಯಾನ್ಸರ್‌ಕಾರಕ ಇರಬಹುದು' ಎಂಬ ಪಟ್ಟಿಗೆ ಹಾಕಿದ್ದರು. 2016ರಲ್ಲಿ ಅದನ್ನು ಅಲ್ಲಿಂದ ತೆಗೆದರು. ಯಕೃತ್ತು ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಾಫಿ ಕುಡಿಯುವವರಲ್ಲಿ ಕಡಿಮೆಯೆಂದು ಅಧ್ಯಯನಗಳು ತೋರಿಸಿವೆ. ಆದರೆ ಅದೇ ವರ್ಷ, 65 ಡಿಗ್ರಿಗಿಂತ ಬಿಸಿಯಾದ ಯಾವ ಪಾನೀಯವೂ ಅನ್ನನಾಳಕ್ಕೆ ಬಹುಶಃ ಅಪಾಯಕಾರಿ ಎಂದರು. ಒಲೆಯಿಂದ ಇಳಿಸಿದ್ದನ್ನು ಹಾಗೇ ಗುಟುಕರಿಸದೆ ಒಂದೆರಡು ಸಲ ಎತ್ತಿ ಹೊಯ್ದು ಕುಡಿಯುವ ನಮ್ಮ ಲೋಟ ಬಟ್ಟಲಿನ ರೂಢಿ ಚೆನ್ನಾಗಿಯೇ ಇದೆ. ಸೌದೆ ಒಲೆಯ ಹೊಗೆಯೂ 'ಬಹುಶಃ ಕ್ಯಾನ್ಸರ್‌ಕಾರಕ' ಪಟ್ಟಿಯಲ್ಲಿದೆ. ಬಚ್ಚಲ ಒಲೆಗೆ ಹೊಗೆಕೊಳವೆ ಹಾಕಿಸಿ.

ರಾತ್ರಿಭೋಜನ ತ್ಯಾಗ, ಗೆಡ್ಡೆ ತ್ಯಾಗ ಮತ್ತು ತೂಕ

ಸ್ಪೇನ್ ದೇಶದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ರಾತ್ರಿ ಊಟವನ್ನು 9 ಗಂಟೆಗೆ ಮುಂಚೆ ಮುಗಿಸುವವರಲ್ಲಿ ಅಥವಾ ಊಟಕ್ಕೂ ನಿದ್ದೆಗೂ 2 ಗಂಟೆ ಅಂತರ ಇಡುವವರಲ್ಲಿ ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್ ಸುಮಾರು ಶೇ. 20ರಷ್ಟು ಕಡಿಮೆ ಎಂದು ಕಂಡಿತು. ನಮ್ಮ ವಾಟ್ಸಪ್ ಗುಂಪುಗಳಲ್ಲಿ ಇದು "ರಾತ್ರಿ ಉಣ್ಣದಿದ್ದರೆ ಕ್ಯಾನ್ಸರ್ ಬರುವುದಿಲ್ಲ" ಎಂದಾಗಿ ಹರಿದಾಡುತ್ತದೆ. ಒಂದು ಅಧ್ಯಯನದಿಂದ ಅಷ್ಟು ಹೇಳಲಾಗದು. ಸೂರ್ಯಾಸ್ತದೊಳಗೆ ಊಟ ಮಾಡುವುದಕ್ಕೆ ನಮಗೆ ಬೇರೆ ಕಾರಣಗಳಿವೆ, ಅವು ಸಾಲವೇ? ಇನ್ನು, ಹೊತ್ತು ಮುಳುಗುವ ಮುಂಚೆ ಗಡಿಬಿಡಿಯಲ್ಲಿ ಎರಡು ಊಟದಷ್ಟು ಉಂಡು, ಮೇಲೆ ಕರಿದ ತಿಂಡಿ ತಿಂದು ಟಿವಿ ಮುಂದೆ ಕೂರುವುದರಿಂದ ಯಾವ ಲಾಭವೂ ಇಲ್ಲ.

ಅತಿಯಾದ ಬೊಜ್ಜು 13 ಬಗೆಯ ಕ್ಯಾನ್ಸರಿಗೆ ಸಂಬಂಧಿಸಿದೆ. ಋತುಬಂಧದ ನಂತರದ ಸ್ತನ ಕ್ಯಾನ್ಸರ್, ಗರ್ಭಕೋಶ, ದೊಡ್ಡ ಕರುಳು, ಮೂತ್ರಪಿಂಡ ಇದರಲ್ಲಿ ಸೇರಿವೆ. ನಿಜವಾಗಿ ನಮ್ಮ ಸಮಾಜದ ದೊಡ್ಡ ಅಪಾಯ ಇದೇ ಎಂದು ನನಗನಿಸುತ್ತದೆ. ಮಾಂಸ, ಮದ್ಯ ಬಿಟ್ಟ ಮನೆಯಲ್ಲಿ ತುಪ್ಪ, ಸಕ್ಕರೆ, ಕರಿದದ್ದಕ್ಕೆ ಲೆಕ್ಕವಿರುವುದಿಲ್ಲ. ತೋಟವನ್ನು ನಡೆದು ಸುತ್ತುತ್ತಿದ್ದವರ ಮಕ್ಕಳು ಬೈಕಿನಲ್ಲಿ ಸುತ್ತುತ್ತಾರೆ. ಸೊಂಟದ ಅಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕು.

ಗೆಡ್ಡೆ ಗೆಣಸು ಬಿಟ್ಟವರಿಗೆ ಅದರಿಂದ ಹಾನಿಯೇನಿಲ್ಲ. ಆದರೆ ಚಾತುರ್ಮಾಸದಲ್ಲಿ ಸೊಪ್ಪನ್ನೂ ಬಿಟ್ಟಾಗ ಅನ್ನ, ಸಾರು, ಹಪ್ಪಳವಷ್ಟೇ ಉಳಿಯುವುದುಂಟು. ದೊಡ್ಡ ಕರುಳನ್ನು ಕಾಪಾಡುವ ನಾರಿನಂಶ ಆಗ ಕಡಿಮೆಯಾಗುತ್ತದೆ. ಹೆಸರುಕಾಳು, ಅಲಸಂದೆ, ಬಾಳೆಕಾಯಿ, ಸೌತೆ, ಸೋರೆ, ಹೀರೆ, ರಾಗಿ, ಪಾಲಿಶ್ ಮಾಡದ ಅಕ್ಕಿ ಆ ಜಾಗ ತುಂಬಬಲ್ಲವು. ಹಣ್ಣು ತರಕಾರಿ ಸೇರಿ ದಿನಕ್ಕೆ 400 ಗ್ರಾಂ ಎಂಬುದು ಅಂತರರಾಷ್ಟ್ರೀಯ ಸಲಹೆ.

ಮದ್ಯದ ಬಗ್ಗೆ ಹೆಚ್ಚು ಬರೆಯುವ ಅಗತ್ಯ ಇರಬಾರದಿತ್ತು. ನಗರಕ್ಕೆ ಹೋದ ಮಕ್ಕಳ ವಿಷಯದಲ್ಲಿ ಇದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ಕರುಳು, ಸ್ತನ ಎಲ್ಲಕ್ಕೂ ಅದು ಅಪಾಯ. ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ವೈನ್ ಆದರೂ ಅಷ್ಟೇ.

ಚಿಕಿತ್ಸೆಯಲ್ಲಿರುವವರ ವ್ರತ ನಿಯಮಗಳು

ದಶಲಕ್ಷಣ ಪರ್ವ, ಅಷ್ಟಾಹ್ನಿಕ ಬಂದಾಗ ಕೀಮೋಥೆರಪಿಯಲ್ಲಿರುವವರೂ ಉಪವಾಸಕ್ಕೆ ಕೂರುವುದುಂಟು. ಉಪವಾಸದಿಂದ ಗೆಡ್ಡೆ ಕರಗುತ್ತದೆ, ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುತ್ತದೆ ಎಂಬ ಮಾತುಗಳಿಗೆ ಆಧಾರವಿಲ್ಲ. ಚಿಕಿತ್ಸೆಯ ಕಾಲದಲ್ಲಿ ತೂಕ ಮತ್ತು ಸ್ನಾಯು ಕರಗಿದರೆ ಔಷಧವನ್ನು ತಡೆದುಕೊಳ್ಳುವ ಶಕ್ತಿಯೇ ಕುಂದುತ್ತದೆ. ಕೆಲವೊಮ್ಮೆ ಚಿಕಿತ್ಸೆ ಮುಂದೂಡಬೇಕಾಗುತ್ತದೆ.

ತಮ್ಮ ನಿಯಮಗಳನ್ನು ವೈದ್ಯರಿಗೆ ಮೊದಲ ದಿನವೇ ಹೇಳಿ. ಮುಚ್ಚಿಟ್ಟು ರಾತ್ರಿಯ ಮಾತ್ರೆಯನ್ನು ನುಂಗದೆ ಬಿಡುವುದು ಅತ್ಯಂತ ಅಪಾಯಕಾರಿ. ಬಹಳ ಔಷಧಗಳ ಹೊತ್ತನ್ನು ಹಗಲಿಗೆ ಹೊಂದಿಸಬಹುದು. ಜಿಲಾಟಿನ್ ಕ್ಯಾಪ್ಸೂಲಿಗೆ ಬದಲು ಮಾತ್ರೆ ಇದ್ದರೆ ಬರೆದುಕೊಡುತ್ತಾರೆ. ಬದಲು ಇಲ್ಲವೆಂದಾದರೆ ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ವ್ರತದ ವಿಷಯವನ್ನು ತಾವು ನಂಬುವ ಮುನಿಗಳ ಅಥವಾ ಭಟ್ಟಾರಕರ ಬಳಿ ಕೇಳಿಕೊಳ್ಳಬಹುದು. ಸೋಸಿ ಕಾಯಿಸಿದ ನೀರು, ಆಗಲೇ ಮಾಡಿದ ಬಿಸಿ ಅಡಿಗೆ ಎಂಬ ನಮ್ಮ ರೂಢಿ ಮಾತ್ರ ಬಿಳಿರಕ್ತಕಣ ಕುಸಿದ ರೋಗಿಗೆ ಹೇಳಿ ಮಾಡಿಸಿದಂತಿದೆ.

ತಪಾಸಣೆ

ಆಹಾರ ಎಷ್ಟೇ ಶುದ್ಧವಾಗಿದ್ದರೂ ತಪಾಸಣೆ ತಪ್ಪಿಸುವಂತಿಲ್ಲ. ಭಾರತದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಈಗ ಮೊದಲ ಸ್ಥಾನದಲ್ಲಿದೆ, ಗರ್ಭಕೊರಳಿನದು ನಂತರ. ಗರ್ಭಕೊರಳಿನ ಕ್ಯಾನ್ಸರ್ ಬರುವುದು ಎಚ್‌ಪಿವಿ ಎಂಬ ವೈರಸ್ಸಿನಿಂದ. ಅದಕ್ಕೂ ಊಟಕ್ಕೂ ಸಂಬಂಧವಿಲ್ಲ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆ ಇದೆ. ಸ್ತನದಲ್ಲಿ ಗಂಟು ಕಂಡರೆ ನೋವಿಲ್ಲವೆಂದು, ಹೇಳಿಕೊಳ್ಳಲು ನಾಚಿಕೆಯೆಂದು ತಿಂಗಳುಗಟ್ಟಲೆ ಸುಮ್ಮನಿರುವ ಅಕ್ಕ ತಂಗಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಆರಂಭದ ಗಂಟಿಗೆ ಬಹುಪಾಲು ನೋವೇ ಇರುವುದಿಲ್ಲ.

ಕೇಂದ್ರದ ಕಾರ್ಯಕ್ರಮದ ಪ್ರಕಾರ 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆಯನ್ನು 5 ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಉಚಿತವಾಗಿ ಮಾಡಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ತಿಳಿಸುತ್ತಾರೆ. ಮೂರು ವಾರಕ್ಕೂ ಮಾಯದ ಬಾಯಿಹುಣ್ಣು, ಕೆನ್ನೆಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮಲದಲ್ಲಿ ರಕ್ತ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯಬಾರದು.

ಹೆಚ್ಚಿನ ಚಿಕಿತ್ಸೆಗೆ ಕಾಫಿ ಸೀಮೆಯವರು ಸಾಮಾನ್ಯವಾಗಿ ಘಟ್ಟ ಇಳಿದು ಮಂಗಳೂರು, ಮಣಿಪಾಲಕ್ಕೆ ಹೋಗುತ್ತಾರೆ, ಇಲ್ಲವೇ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸರ್ಕಾರಿ ಸ್ವಾಮ್ಯದ್ದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಹೋಗುವವರು ಪಡಿತರ ಚೀಟಿ, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮತ್ತು ಈವರೆಗಿನ ಎಲ್ಲ ವರದಿಗಳನ್ನು ಒಟ್ಟಿಗೆ ಕೊಂಡೊಯ್ಯಬೇಕು. ಬಯಾಪ್ಸಿ ಆಗಿದ್ದರೆ ಅದರ ಸ್ಲೈಡ್ ಮತ್ತು ಬ್ಲಾಕನ್ನೂ ಕೇಳಿ ಪಡೆದುಕೊಂಡು ಹೋದರೆ ಮತ್ತೊಮ್ಮೆ ಚುಚ್ಚಿಸಿಕೊಳ್ಳುವುದು ತಪ್ಪಬಹುದು.